ನೆಲ ಮುಟ್ಟಿ ಕೂರುತ್ತಿದ್ದ ನಮ್ಮ ಬೀಗತಿ

ನಮ್ಮ ಬೀಗತಿ ಎಲ್ಲೇ ಕೂರಲಿ, ಮೊದಲು ಬಲ ಅಂಗೈಯನ್ನು ಅಲ್ಲಿ ಊರುತ್ತಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡಿದಂತೆ ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಕೂರುತ್ತಿದ್ದರು. ಅಗಲವಾದ ಕೈ. ಬೆರಳ ಸಂದುಗಳಲ್ಲಿ ಚಿಂಚೋಳಿ ಕಡೆಯ ಕೆಂಪು ಮಣ್ಣು ಎಷ್ಟು ತೊಳೆದರೂ ಹೋಗದಂತೆ ಸೇರಿಕೊಂಡಿತ್ತು. ನನ್ನ ಮಗಳನ್ನು ನೋಡಲು ಮೊದಲ ಸಲ ಸೇಡಂನ ನಮ್ಮ ಮನೆಗೆ ಬಂದಾಗ, ಹೊಸದಾಗಿ ತಂದ ಸೋಫಾದ ಮೇಲೆ ಆ ಕೈ ಊರಿದ್ದು ಕಂಡು ನನಗೆ ಒಳಗೊಳಗೇ ಸಿಟ್ಟು ಬಂತು. ಧೂಳು ಇದೆಯೋ ಇಲ್ಲವೋ ನೋಡುತ್ತಿದ್ದಾರೆ ಅಂದುಕೊಂಡೆ.

"ಈಗಷ್ಟೇ ಒರಸೀನ್ರಿ, ಕುಂದ್ರಿ," ಅಂದೆ, ಸ್ವಲ್ಪ ಬಿರುಸಾಗಿಯೇ.

"ಧೂಳು ನೋಡಲಿಲ್ರಿ. ನನ್ನ ಕುಂದ್ರಿಸ್ಕೊಳ್ಳೋ ಮನಸ್ಸು ಇದಕ್ಕ ಅದನೋ ಇಲ್ಲೋ ನೋಡಿದೆ," ಅಂದು ಕೂತರು. ಸೋಫಾ ಕುಸಿಯಿತು. "ಅಯ್ಯಯ್ಯ, ಇದು ನುಂಗ್ತದಲ್ರಿ!" ಎಂದು ಎದ್ದು, ಕೆಳಗೆ ಪರ್ಸಿಕಲ್ಲಿನ ನೆಲದ ಮೇಲೆ ಕೈ ಊರಿ, ಅಲ್ಲಿ ಆರಾಮಾಗಿ ಕಾಲು ಚಾಚಿದರು. ಮನೆ ತುಂಬಾ ನಗು. ನೆಂಟಸ್ತನ ಆ ನಗುವಿನಲ್ಲೇ ಗಟ್ಟಿಯಾಯಿತು ಅಂತ ನನ್ನ ಎಣಿಕೆ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದು ರೂಢಿಯಿಲ್ಲ. ಆದರೆ ನಿನ್ನೆ ನನ್ನ ಮೊಮ್ಮಗಳು ಗೆಳತಿಯರನ್ನು ಕಟ್ಟಿಕೊಂಡು ಬಂದು, ನಗುತ್ತಾ ಸುಖವಾಗಿ ಹೈದರಾಬಾದಿಗೆ ತಿರುಗಿ ಹೋದಳು. ಆ ಖುಷಿ ನನ್ನೊಬ್ಬಳಲ್ಲಿ ಹಿಡಿಸುತ್ತಿಲ್ಲ. ಅದನ್ನು ಹೇಳಬೇಕೆಂದರೆ ಬೀಗತಿಯಿಂದಲೇ ಶುರು ಮಾಡಬೇಕು.

ಅವರದು ಐನಾಪುರ. ಹುಟ್ಟಿದ್ದೂ ಆ ಸೀಮೆಯಲ್ಲೇ. ಚಿಕ್ಕಂದಿನಿಂದ ಎಮ್ಮೆ ಕಾಯ್ದವರು. ಬೇಸಿಗೆ ಬಂತೆಂದರೆ ಅವರ ತಾಯಿ, ಓಣಿಯ ನಾಲ್ಕಾರು ಹೆಂಗಸರು, ಗಂಡಸರು ಎಲ್ಲ ಸೇರಿ ದನ ಹೊಡೆದುಕೊಂಡು ಚಂದ್ರಂಪಳ್ಳಿಯ ಕಾಡಿನ ಕಡೆ ಹೋಗಿ, ಮೇವು ನೀರು ಇರುವಲ್ಲಿ ತಂಗುತ್ತಿದ್ದರಂತೆ. ಅವರ ಮಗ, ಅಂದರೆ ನನ್ನ ಅಳಿಯ, ವಾಡಿಯಲ್ಲಿ ನೌಕರಿ ಮಾಡುತ್ತಾನೆ. ನನ್ನ ಮಗಳಿಗೂ ಅವನಿಗೂ ಒಂದೇ ಮಗು. ಹೀಗೆ ನಮ್ಮಿಬ್ಬರು ಮುದುಕಿಯರ ನಡುವೆ ಒಬ್ಬಳೇ ಮೊಮ್ಮಗಳು. ನನ್ನನ್ನು ಅಜ್ಜಿ ಅನ್ನುತ್ತಾಳೆ, ಅವರನ್ನು ಆಯಿ ಅನ್ನುತ್ತಿದ್ದಳು. ಆಕೆ ಯಾರನ್ನು ಹೆಚ್ಚು ಹಚ್ಚಿಕೊಂಡಿದ್ದಾಳೆ ಎಂಬುದರ ಮೇಲೆ ನಾವಿಬ್ಬರೂ ಆಡದ ಮಾತಿಲ್ಲ.

"ನಿಮ್ಮ ಎರಿ ಮಣ್ಣಿನ್ಯಾಗ ಮಳಿ ಬಿದ್ರ ಹುಡುಗಿ ಹೆಜ್ಜಿ ಎತ್ತಂಗಿಲ್ಲ. ನಮ್ಮ ಕೆಂಪು ಮಣ್ಣಿನ್ಯಾಗ ಓಡ್ತಾಳ ನೋಡ್ರಿ," ಎನ್ನುವರು.

"ಓಡಿ ಓಡಿ ಮಣಕಾಲು ಒಡಕೊಂಡು ನಮ್ಮ ಮನಿಗೇ ಬರ್ತಾಳ," ಎನ್ನುವೆ.

ನಾನು ಹುಟ್ಟಾ ಪುಕ್ಕಲಿ. ಬಸ್ಸು ತಡವಾದರೆ ಬಿದ್ದಿತೋ ಏನೋ ಅನಿಸುತ್ತದೆ, ಫೋನು ಎತ್ತದಿದ್ದರೆ ಕೈಕಾಲು ತಣ್ಣಗಾಗುತ್ತವೆ. ಮೊಮ್ಮಗಳು ಹೈದರಾಬಾದಿನ ದವಾಖಾನೆಗೆ ನರ್ಸಾಗಿ ಹೋದಾಗಿನಿಂದ ನಾನು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ರೊಟ್ಟಿ ಬಡಿಯುತ್ತೇನೆ.

ಕೆಲವು ವರ್ಷಗಳ ಹಿಂದೆ, ತೊಗರಿ ರಾಶಿ ಮುಗಿದ ಚಳಿಗಾಲದಲ್ಲಿ, ಆ ಫೋನು ಬಡಿದುಕೊಂಡಿತು. ಅವಳೂ ಅವಳ ಜೊತೆ ಕೆಲಸ ಮಾಡುವ ಹುಡುಗಿಯರೂ ಊರ ಹೊರಗೆ ತಂಬು ಹಾಕಿ ಒಂದು ರಾತ್ರಿ ಇರಬೇಕಂತೆ. ಹೈದರಾಬಾದಿನ ಸುತ್ತ ಎಲ್ಲ ಜಾಗ ನೋಡಿದ್ದರಂತೆ. ಎಲ್ಲಿ ಹೋದರೂ ಜಾತ್ರೆಯಂತೆ ಮಂದಿ, ದೊಡ್ಡ ದೊಡ್ಡ ಡಬ್ಬಿ ಇಟ್ಟು ಹಾಡು, ಕುಡಿದು ಕೂಗುವ ಗಂಡಸರು. "ನಮಗ ಸುಮ್ನ ಇರೋ ಜಾಗ ಬೇಕು ಅಜ್ಜಿ. ದಿನಾ ವಾರ್ಡಿನಾಗ ಗದ್ದಲ ಕೇಳಿ ಕೇಳಿ ಸಾಕಾಗ್ಯದ. ತಾಂಡೂರತನಕ ರೈಲು ಅದ. ಚಂದ್ರಂಪಳ್ಳಿ ಕಡಿ ಹೋದ್ರ ಹ್ಯಾಂಗ?"

ಹಾವು, ಹಂದಿ, ತೋಳ, ಅವುಗಳಿಗಿಂತ ಹೆಚ್ಚಾಗಿ ಎರಡು ಕಾಲಿನವು, ಎಲ್ಲ ಒಂದೇ ಸಲ ಕಣ್ಣಮುಂದೆ ಬಂದವು. "ಬ್ಯಾಡ ಅಂದ್ರ ಬ್ಯಾಡ," ಅಂದೆ. "ಆಯಿನ್ನ ಕೇಳ್ತೀನಿ," ಅಂದು ಫೋನಿಟ್ಟಳು. ಆಯಿ ಏನಂದಾರು? "ಬಾ ನನ್ನವ್ವ, ಜಾಗ ನಾ ನೋಡಿ ಇಡ್ತೀನಿ," ಅಂದುಬಿಟ್ಟಿದ್ದರು.

ಹುಡುಗಿಯರು ಬರುವ ಎರಡು ದಿನ ಮೊದಲೇ ನಾನು ಚೀಲ ಹಿಡಿದು ಚಿಂಚೋಳಿ ಬಸ್ಸು ಹತ್ತಿದೆ. ಬೀಗತಿಗೆ ನಾಲ್ಕು ಮಾತು ಅಂದು ಇದನ್ನು ನಿಲ್ಲಿಸಿಯೇ ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಐನಾಪುರದ ಅವರ ಮನೆ ಹೊಸ್ತಿಲಲ್ಲೇ ಎಲ್ಲ ಅಂದೂ ಬಿಟ್ಟೆ. ಅವರು ಕೇಳಿದರು, ನೀರು ಕೊಟ್ಟರು. "ಅಂದದ್ದು ಮುಗೀತೇನ್ರಿ? ಹಂಗಾರ ರೊಟ್ಟಿ ಕಟ್ಕೋತೀನಿ. ನಾಳಿ ಮುಂಜಾನೆ ಜಾಗ ನೋಡಾಕ ಇಬ್ಬರೂ ಹೋಗೂಣು. ನೀವು ನೋಡಿದ ಮ್ಯಾಲ ಬ್ಯಾಡ ಅನ್ರಿ. ನೋಡಲಾರ್ದ ಬ್ಯಾಡ ಅಂದ್ರ ಹುಡುಗಿ ಕೇಳತಾಳೇನು?"

ಬೆಳಿಗ್ಗೆ ಟಂಟಂ ಆಟೋದಲ್ಲಿ ಹೊರಟೆವು. ಅವರ ಮುಖದಲ್ಲಿ ಹಬ್ಬದ ಕಳೆ ಇತ್ತು. ಮೊಮ್ಮಗಳಿಗೆ ತೋರಿಸಲು ಅವರು ಮನಸ್ಸಿನಲ್ಲಿಟ್ಟುಕೊಂಡದ್ದು ತಮ್ಮ ಸಣ್ಣಂದಿನ ತಂಗುದಾಣ. ಕಾಡಿನೊಳಗೆ ಒಂದು ಬಂಡೆ, ಪಕ್ಕದಲ್ಲಿ ಬತ್ತದ ಹೊಂಡ. ಹೋದೆವು. ಕಾಡಿನ ಅಂಚಿಗೆ ಬಂದೊಡನೆ ಫಾರೆಸ್ಟಿನ ಕಾವಲುಗಾರ ಎದುರಾದ.

"ಒಳಗ ಬಿಡಂಗಿಲ್ಲ ಆಯಿ. ಈಗ ಇದು ಪ್ರಾಣಿಗಳ ಜಾಗ. ರಾತ್ರಿ ಇರೋದು ಬ್ಯಾಡೇ ಬ್ಯಾಡ."

"ನಾ ಪರಕಾರ ಹಾಕೋ ಹುಡುಗಿ ಇದ್ದಾಗಿಂದ ಇಲ್ಲಿ ಓಡ್ಯಾಡೀನಪಾ. ಆ ಬಂಡಿಗೆ ಹೋಗೋ ದನದ ದಾರಿ..."

"ಯಾವ ದಾರಿ ತೋರಸ್ರಿ ನೋಡಮು."

ಅವರು ತೋರಿಸಲು ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ದನ ಹೋಗುವುದು ನಿಂತು ಎಷ್ಟೋ ಕಾಲವಾಗಿತ್ತು. ದಾರಿಯೆಂಬುದೇ ಇರಲಿಲ್ಲ. ಎಲ್ಲ ಮುಳ್ಳುಕಂಟಿ ಮುಚ್ಚಿತ್ತು. ಅವರ ಮುಖ ನೋಡಿ ನನಗೇ ಒಂದು ಥರ ಆಯಿತು, ಆದರೂ ಒಳಗೆ ಹಗುರಾದೆ. ದೇವರೇ ನಿಲ್ಲಿಸಿದ ಅಂದುಕೊಂಡು, "ನಡೀರಿ, ತಿರುಗಿ ಹೋಗೂಣು," ಅಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ಎಮ್ಮಿಗಳು ಸತ್ವು, ದಾರಿ ಹೆಂಗ ಇರ್ತದ? ನಾ ಒಬ್ಬಾಕಿ ಹುಚ್ಚಿ, ಇದ್ದಂಗೇ ಅದ ಅಂದ್ಕೊಂಡೆ. ಬರ್ರಿ, ಕಾಡಿನ ಹೊರಗ ಹೊಲ ಅವ, ಕೆರಿ ದಂಡಿ ಅವ. ನೋಡೂಣು."

ಆಮೇಲೆ ನಡೆದದ್ದೇ ನಡೆದದ್ದು. ಒಂದೊಂದು ಜಾಗ ಬಂದಾಗಲೂ ಅವರು ಗಂಟು ಇಳಿಸುತ್ತಿರಲಿಲ್ಲ. ಮೊದಲು ಅಂಗೈ ಊರುವುದು. ಕೂತು ಒಂದು ಎಲೆ ಹಾಕಿಕೊಳ್ಳುವುದು. ಆ ಎಲೆ ಬಾಯಲ್ಲಿ ಇರುವತನಕ ಇಬ್ಬರೂ ಮಾತಾಡಬಾರದು. ಎಲೆ ಮುಗಿದ ಮೇಲೆ, "ನಿಮಗ ಹ್ಯಾಂಗ ಅನಸ್ತದ?" ಎಂದು ಕೇಳುವುದು. ಅವರ ತಾಯಿ ಕಲಿಸಿದ ರೂಢಿಯಂತೆ. ದನದ ಜೊತೆ ಹೋದವರಲ್ಲಿ ಯಾರೇ ಒಬ್ಬರಿಗೆ, ನಿನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಗೇ ಆಗಲಿ, ಆ ಜಾಗ ಬೇಡ ಅನಿಸಿದರೆ ಎಲ್ಲರೂ ಎದ್ದು ಮುಂದಕ್ಕೆ ಹೋಗುವುದು. "ಯಾಕ ಅಂತ ಕೇಳಬಾರದು. ಕೇಳಿದ್ರ ಆಕಿ ಕಾರಣ ಹುಡುಕ್ತಾಳ. ಕಾರಣ ಸಿಗಲಿಲ್ಲಂದ್ರ ಸುಮ್ನಾಗ್ತಾಳ. ಸುಮ್ನಾದವರ ಜೋಡಿ ರಾತ್ರಿ ಕಳಿಯೋದು ಭಾಳ ಕೆಟ್ಟದ್ರಿ."

ಇಂಥ ರೂಢಿ ನನ್ನಂಥವಳ ಕೈಗೆ ಸಿಕ್ಕರೆ ಕೇಳಬೇಕೇ! ಕೆರೆಯ ದಂಡೆಗೆ ಹೋದೆವು. ನೀರು ಬಿಸಿಲಿಗೆ ಹೊಳೆಯುತ್ತಿತ್ತು, ಬಾಟಲಿಯ ಚೂರು ಮಾತ್ರ ಅಲ್ಲಲ್ಲಿ ಬಿದ್ದಿದ್ದವು. "ಬ್ಯಾಡ," ಅಂದೆ. ಅವರು ಎದ್ದರು. ಹಳ್ಳದ ಪಕ್ಕದ ಹೊಂಗೆ ಗಿಡದ ನೆರಳು. "ಬ್ಯಾಡ." ಎದ್ದರು. ತೊಗರಿ ಕಿತ್ತ ಹೊಲದ ಬದು, ಅಲ್ಲಿಂದ ದೂರದ ಗುಡ್ಡದ ಸಾಲು ಕಾಣುತ್ತಿತ್ತು. "ಬ್ಯಾಡ." ಒಂದು ಸಲವೂ ಹುಬ್ಬು ಏರಿಸಲಿಲ್ಲ, ಯಾಕೆ ಅನ್ನಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟು, "ಶಿವಾ" ಎಂದು ಏಳುವುದು, ಮುಂದೆ ನಡೆಯುವುದು. ಹೊತ್ತು ಇಳಿಯತೊಡಗಿತು. ಅವರು ಕುಂಟುತ್ತಿದ್ದರು. ನನಗಂತೂ ಇಡೀ ಭೂಮಿಯ ಮೇಲೆ ನನ್ನ ಮೊಮ್ಮಗಳು ಮಲಗಬಹುದಾದ ಜಾಗ ಒಂದೂ ಕಾಣಲಿಲ್ಲ.

ಕಡೆಗೆ ಅವರ ತಮ್ಮನ ಹೊಲಕ್ಕೆ ಬಂದೆವು. ಕಾಡಿನ ಗಡಿಯಿಂದ ಸಾಕಷ್ಟು ಈಚೆ. ಒಂದು ದೊಡ್ಡ ಬೇವಿನ ಗಿಡ, ಸ್ವಲ್ಪ ದೂರದಲ್ಲಿ ಕಟ್ಟೆ ಇರುವ ಬಾವಿ, ಕೂಗಿದರೆ ಕೇಳುವಷ್ಟು ಹತ್ತಿರ ಹೊಲ ಕಾಯುವ ಗಂಡ ಹೆಂಡತಿಯ ಗುಡಿಸಲು. ಬೀಗತಿ ಕೈ ಊರಿದರು. ಎಲೆ ಹಾಕಿಕೊಂಡರು. ನಾನೂ ಕೂತೆ. ಎಲೆ ಮುಗಿಯಿತು.

"ನಿಮಗ ಹ್ಯಾಂಗ ಅನಸ್ತದ?"

"ಬ್ಯಾಡ," ಅಂದೆ.

ಅವರು ಏಳಲಿಲ್ಲ. ನನ್ನ ಕಡೆ ತಿರುಗಿದರು. "ಯಾಕ ಅಂತ ಕೇಳಂಗಿಲ್ರಿ ನಾ. ಒಂದೇ ಒಂದು ಮಾತು ಕೇಳ್ತೀನಿ. ಈ ಬ್ಯಾಡ ಅನ್ನೋದನ್ನ ಮನಿಯಿಂದ ತಂದಿರೇನು, ಇಲ್ಲಿ ಸಿಕ್ತೇನು?"

ನನಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. "ಸೇಡಂದಿಂದ ತಂದೀನ್ರಿ," ಅಂದೆ. "ಚೀಲದಾಗ ತುಂಬ್ಕೊಂಡು ಬಸ್ಸಿನ್ಯಾಗ ತಂದೀನಿ."

"ನಾನೂ ತಂದೀನ್ರಿ. ನನಗೇನು ಅಂಜಿಕಿ ಇಲ್ಲ ಅಂದ್ಕೊಂಡಿರಿ? ನಿನ್ನಿ ರಾತ್ರಿ ರೆಪ್ಪಿ ಹಚ್ಚಿಲ್ಲ. ಅಂಜಿಕಿ ಹೊತ್ಕೊಂಡು ಬಂದದ್ದು ಇರ್ಲಿ ಬಿಡ್ರಿ. ಜಾಗ ಹ್ಯಾಂಗ ಅದ?"

ಆಗ ನಾನು ಮೊದಲ ಸಲ ಆ ಜಾಗವನ್ನು ನೋಡಿದೆ. ನೆಲ ಬೆಚ್ಚಗಿತ್ತು. ಬೇವಿನ ಎಲೆ ಉದುರಿ ಹಾಸಿದಂತಿತ್ತು. "ಚಲೋ ಅದ್ರಿ," ಅಂದೆ.

ಮರುದಿನ ಹುಡುಗಿಯರು ಬಂದರು. ಬೆನ್ನ ಮೇಲೆ ತಮಗಿಂತ ದೊಡ್ಡ ಚೀಲ ಹೊತ್ತು, ಕಿಲಕಿಲ ನಗುತ್ತ ಬೇವಿನ ಗಿಡದ ಕೆಳಗೆ ತಂಬು ಹಾಕಿದರು. ಮೊಮ್ಮಗಳು ನಮ್ಮಿಬ್ಬರ ಕೊರಳಿಗೂ ಜೋತುಬಿದ್ದು, "ಎಷ್ಟು ಚಂದ ಜಾಗ ಹುಡುಕೀರಿ!" ಎಂದು ಕುಣಿದಳು. ನನಗೋ ಹೆಮ್ಮೆ. ನಾನೇ ಹುಡುಕಿದ ಹಾಗೆ ಎಲ್ಲರಿಗೂ ಬಾವಿ ತೋರಿಸಿದೆ, ಗುಡಿಸಲು ತೋರಿಸಿದೆ.

ಹೊತ್ತು ಮುಳುಗುವುದಕ್ಕೆ ಮುಂಚೆ ಬೀಗತಿ ಎಲ್ಲರನ್ನೂ ಕೂರಿಸಿ, ಅವರ ರೂಢಿಯ ಪ್ರಕಾರ, ಒಬ್ಬೊಬ್ಬರನ್ನೂ ಕೇಳಿದರು. ಆ ಹುಡುಗಿಯರದು ತೆಲುಗು. ಬೀಗತಿಗೆ ತೆಲುಗು ನೀರು ಕುಡಿದಂತೆ ಬರುತ್ತಿತ್ತು; ನನಗೆ ಮೊಮ್ಮಗಳು ಬಿಡಿಸಿ ಹೇಳುತ್ತಿದ್ದಳು. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಅಂದರು. ಬಂದಾಗಿನಿಂದ ಮಾತೇ ಆಡದ ಕನ್ನಡಕದ ಹುಡುಗಿಯೊಬ್ಬಳು ಮಾತ್ರ ತಲೆ ತಗ್ಗಿಸಿ, "ನನಗ್ಯಾಕೋ ಇಲ್ಲಿ ಬೇಡ ಅನಿಸುತ್ತದೆ," ಅಂದಳು.

ಉಳಿದವರು ಹೋ ಎಂದರು. ತಂಬು ಹಾಕಿದ ಮೇಲೆ ಹೇಳುತ್ತಾರೇನು ಎಂದು ಒಬ್ಬಳು, ಮನೆಯಲ್ಲೇ ಇರಬೇಕಿತ್ತು ಎಂದು ಇನ್ನೊಬ್ಬಳು. ನನ್ನ ಮೊಮ್ಮಗಳ ಮುಖ ಬಾಡಿತು. ಹಿಂದಿನ ದಿನವಿಡೀ ಬೇಡ ಬೇಡ ಅಂದ ನಾನೇ ಎಲ್ಲರಿಗಿಂತ ಜೋರಾಗಿ, "ಯಾಕವಾ? ಇಷ್ಟು ಚಲೋ ಜಾಗ, ಏನಾಗ್ಯದ ಇದಕ್ಕ?" ಎಂದುಬಿಟ್ಟೆ.

ಬೀಗತಿ ನನ್ನನ್ನು ಒಮ್ಮೆ ನೋಡಿದರು. ಬೈಗುಳಕ್ಕಿಂತ ಹೆಚ್ಚಿನ ನೋಟ ಅದು. ಆಮೇಲೆ "ಶಿವಾ" ಎಂದು ಎದ್ದು, ಕುಂಟುತ್ತ ಹೋಗಿ, ತಂಬಿನ ಗೂಟವೊಂದನ್ನು ತಾವೇ ಕಿತ್ತರು. "ಏಳ್ರಿ ಮಕ್ಕಳಾ. ಬೆಳಕಿದ್ದಾಗ ಹೋಗೂಣು. ನಮ್ಮ ಹಿತ್ತಲದಾಗ ಕಣ ಅದ, ಅಲ್ಲಿ ಹಾಕ್ರಿ."

"ಆಯಿ, ಆಕಿ ಕಾರಣನಾದ್ರೂ ಹೇಳಲಿ!" ಎಂದು ಮೊಮ್ಮಗಳು ಅಳುವ ದನಿಯಲ್ಲಿ ಅಂದಳು.

"ಬ್ಯಾಡ ಅಂದಾಳಲ್ಲ. ಮತ್ತೇನು ಹೇಳಬೇಕು?"

ಐನಾಪುರದ ಕಣದಲ್ಲಿ, ತೊಗರಿ ಕಟ್ಟಿಗೆಯ ಬಣವೆಯ ಪಕ್ಕದಲ್ಲಿ ತಂಬುಗಳು ಎದ್ದವು. ಓಣಿಯ ನಾಯಿಗಳು ಬೊಗಳಿದವು, ಓಣಿಯ ಮಂದಿಯೆಲ್ಲ ನೋಡಲು ಬಂದರು. ಸುಮ್ಮನಿರುವ ಜಾಗ ಬೇಕು ಅಂದವಳ ಗತಿ ನೋಡಿ ಅಂತ ನನಗೆ ಅಯ್ಯೋ ಅನಿಸಿತು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಂದೆ ಬಂದ ಮೇಲೆ ಮೊಮ್ಮಗಳ ಮುನಿಸು ಇಳಿಯಿತು. ಒಲೆಯ ಮುಂದೆ ಕೂತು ನಾನು ಬೀಗತಿಯನ್ನು ಕೇಳಿದೆ, "ನಿಮ್ಮ ಮಂದಿ ಎಂದಾರ ಒಮ್ಮಿ, ಒಬ್ಬರು ಬ್ಯಾಡ ಅಂದರೂ ಏಳಲಾರ್ದ ಕುಂತಿದ್ದರೇನ್ರಿ? ಹುಲಿ ಗಿಲಿ ಬಂದಿತ್ತೇನು?"

"ಕುಂತಿದ್ವಿ. ಒಬ್ಬ ಹೊಸ ಸೊಸಿ ಬ್ಯಾಡ ಅಂದ್ಳು. ದಣಿದಿದ್ವಿ, ಎಲ್ಲಾರೂ ನಕ್ವಿ. ಏನೂ ಬರಲಿಲ್ರಿ. ಹುಲಿನೂ ಇಲ್ಲ, ಹಾವೂ ಇಲ್ಲ." ರೊಟ್ಟಿ ತಿರುವಿ ಹಾಕಿದರು. "ಆದ್ರ ಆಕಿ ಮುಂದ ಯಾವುದಕ್ಕೂ ಬಾಯಿ ಬಿಟ್ಟು ಬ್ಯಾಡ ಅನಲಿಲ್ಲ. ಯಾರು ಏನು ಮಾಡಿದ್ರೂ ಅನಲಿಲ್ಲ. ಕಡೀತನಾ ನಾ ನೋಡೀನಿ."

ನಾನು ಎದ್ದು ಆ ಬಿಸಿ ರೊಟ್ಟಿಯನ್ನು ಕನ್ನಡಕದ ಹುಡುಗಿಯ ತಾಟಿಗೆ ಹಾಕಿದೆ.

ಬೇವಿನ ಗಿಡದ ಕೆಳಗೂ ಆ ರಾತ್ರಿ ಏನೂ ಆಗಲಿಲ್ಲ. ಬೆಳಿಗ್ಗೆ ಹೊಲ ಕಾಯುವವನು ಬಂದು, ಎಲ್ಲ ಶಾಂತವಾಗಿತ್ತು, ಯಾಕೆ ಹೋದಿರಿ ಎಂದು ಕೇಳಿದ. ಗೆಳತಿಯರು ಕನ್ನಡಕದ ಹುಡುಗಿಯ ಕಡೆ ನೋಡಿದರು. ಆಕೆ ಎದ್ದು ಬೀಗತಿಯ ಹತ್ತಿರ ಬಂದು ಕೂತು, ತೆಲುಗಿನಲ್ಲಿ ಸಣ್ಣಗೆ ಏನೋ ಅಂದಳು. ಬೀಗತಿ ನನಗೆ ಬಿಡಿಸಿ ಹೇಳಿದರು. "ನನ್ನ ಮಾತಿಗೆ ಇಲ್ಲೀತನಾ ಯಾರೂ ಎದ್ದಿರಲಿಲ್ಲ" ಅಂದಿದ್ದಳಂತೆ.

"ಏಳೋದು ಏನು ದೊಡ್ಡದವ್ವ," ಎಂದು ಬೀಗತಿ ಅವಳ ಬೆನ್ನು ಸವರಿದರು. "ಈ ನನ್ನ ಮಣಕಾಲು ಕೇಳವಲ್ಲದು, ಅಷ್ಟೇ."

ಆ ಹುಡುಗಿಯ ಮಾತನ್ನೂ ಆಯಿಯ ಮಾತನ್ನೂ ನನ್ನ ಮೊಮ್ಮಗಳು ಕೇಳಿಸಿಕೊಂಡಳು. ಅಂದಿನಿಂದ ಅವಳೇ ಬದಲಾದಳು. ಈಗ ರಜೆ ಸಿಕ್ಕಾಗಲೆಲ್ಲ ಹೈದರಾಬಾದಿನ ಹೆಂಗಸರನ್ನು ಕಟ್ಟಿಕೊಂಡು ಬರುತ್ತಾಳೆ. ದವಾಖಾನೆಯವರು, ಟೀಚರುಗಳು, ಮಕ್ಕಳನ್ನು ಬೆಳೆಸಿ ಮುಗಿಸಿದ ತಾಯಂದಿರು. ಮೊದಲೇ ಹೊಲದವರನ್ನು ಕೇಳಿರುತ್ತಾಳೆ. ಕೂರಿಸುತ್ತಾಳೆ, ಕೇಳುತ್ತಾಳೆ, ಒಬ್ಬರು ಬೇಡವೆಂದರೂ ಗೂಟ ಕೀಳುತ್ತಾಳೆ. ಅದಕ್ಕೇ ಅವಳ ಜೊತೆ ಬರುತ್ತೇವೆ ಎಂದು ಒಬ್ಬ ತಾಯಿ ನನಗೆ ಹೇಳಿದಳು.

ಹೋದ ಮಳೆಗಾಲ ಬೀಗತಿ ಹಾಸಿಗೆ ಹಿಡಿದರು. ಸುದ್ದಿ ಬಂದಾಗ ನಾನು ಐನಾಪುರಕ್ಕೆ ಹೋಗಿ ಅಲ್ಲೇ ಉಳಿದೆ. ಒಳಗಿನ ಕೋಣೆಯಲ್ಲಿ ಮಂಚ ಹಾಕಿದ್ದರು. ಫ್ಯಾನು, ಗುಳಿಗೆ, ನೀರು ಎಲ್ಲ ಕೈಗೆಟುಕುವಂತೆ ಇತ್ತು. ಒಂದು ದಿನ ಕಣ್ಣು ಬಿಟ್ಟು, "ಇಲ್ಲಿ ಬ್ಯಾಡ," ಅಂದರು.

"ಯಾಕವ್ವಾ? ಇಲ್ಲೇ ಆರಾಮ ಅದ. ಹೊರಗ ಥಂಡಿ ಗಾಳಿ," ಎಂದ ಅಳಿಯ.

ನಾನು ಎದ್ದೆ. ಮಂಚದ ಒಂದು ತುದಿ ಹಿಡಿದೆ. "ಕೇಳಬ್ಯಾಡ ತಮ್ಮಾ. ಎತ್ತು," ಅಂದೆ.

ಪಡಸಾಲೆಗೆ ತಂದೆವು. ಬೀಗತಿ ಕೈ ಕೆಳಗೆ ಇಳಿಬಿಟ್ಟು ಅಂಗೈಯನ್ನು ನೆಲಕ್ಕೆ ತಾಗಿಸಿದರು. ನನ್ನನ್ನು ನೋಡಿ ತುಟಿಯಲ್ಲೇ ನಕ್ಕರು. ಕೆಲವು ದಿನಗಳ ಮೇಲೆ, ಅಂಗಳಕ್ಕೆ ಮಳೆ ಬೀಳುತ್ತಿರುವಾಗ, ಅಲ್ಲಿಂದಲೇ ಹೋದರು.

ಇನ್ನು ಮೊನ್ನೆಯ ಮಾತು. ಮೊಮ್ಮಗಳ ಫೋನು. "ಅಜ್ಜಿ, ಆಯಿ ಇಲ್ಲ. ಈ ಸಲ ಜಾಗ ನೀನೇ ನೋಡಬೇಕು." ಚೀಲ ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದೇ ಹಾವು, ಅದೇ ಹಂದಿ, ಅದೇ ಎರಡು ಕಾಲಿನವು. ವಯಸ್ಸಾದಂತೆ ಅಂಜಿಕೆ ಕಡಿಮೆಯಾಗುತ್ತದೆ ಅನ್ನುವವರು ಮೊಮ್ಮಕ್ಕಳನ್ನು ಕಂಡಿಲ್ಲ.

ಅದೇ ಬೇವಿನ ಗಿಡದ ಕೆಳಗೆ ಎಲ್ಲರೂ ಸುತ್ತ ಕೂತಿದ್ದರು. ಕನ್ನಡಕದ ಹುಡುಗಿಯೂ ಬಂದಿದ್ದಳು, ಈ ಸಲ ಅವಳದೇ ದೊಡ್ಡ ದನಿ. ಮೊಮ್ಮಗಳು ಒಬ್ಬೊಬ್ಬರನ್ನೂ ಕೇಳುತ್ತ ಬಂದು ಕಡೆಗೆ ನನ್ನ ಮುಂದೆ ನಿಂತಳು. ಅವಳ ಬೆರಳ ಸಂದಿನಲ್ಲಿ ಕೆಂಪು ಮಣ್ಣು ಇತ್ತು.

"ಅಜ್ಜಿ, ನಿನಗ ಹ್ಯಾಂಗ ಅನಸ್ತದ?"

ಬೇಡ ಅಂದಿದ್ದರೆ ಅವಳು ಒಂದು ಮಾತೂ ಕೇಳದೆ ಎಲ್ಲರನ್ನೂ ಎಬ್ಬಿಸಿ ಮುಂದಕ್ಕೆ ಹೋಗುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅಂಗೈ ಊರಿದೆ. ಒಂದು ಎಲೆ ಮುಗಿಯುವಷ್ಟು ಹೊತ್ತು ಹಾಗೇ ಕೂತೆ.

"ಭಾಳ ಅಂಜಿಕಿ ಆಗಾಕತ್ಯದ ನನ್ನವ್ವ," ಅಂದೆ. "ಆದ್ರ ಇದು ನಾ ಮನಿಯಿಂದ ತಂದದ್ದು. ಜಾಗ ಚಲೋ ಅದ. ಹಾಕ್ರಿ ತಂಬು."